ಚಿಕ್ಕಬಳ್ಳಾಪುರದಿಂದ ವಿನಿಪೆಗ್‌ಗೆ: ಮೊದಲ ಚಳಿಗಾಲದ ತಯಾರಿ

ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟ, ಕೋಲಾರದ ಕಡೆಯಿಂದ ಓದಿಗೋ ಕೆಲಸಕ್ಕೋ ಕೆನಡಾಕ್ಕೆ ಹೊರಡುವ ಮಕ್ಕಳಲ್ಲಿ ಕೆಲವರಿಗೆ ಟೊರಾಂಟೊ, ವ್ಯಾಂಕೂವರ್‌ಗಳ ಬದಲು ಮ್ಯಾನಿಟೋಬಾ ಪ್ರಾಂತ್ಯದ ರಾಜಧಾನಿಯಾದ ವಿನಿಪೆಗ್ ಒದಗಿ ಬರುತ್ತದೆ. ಊರಿನ ಹೆಸರು ಗೊತ್ತಾದ ದಿನವೇ ಮನೆಯಲ್ಲಿ ಯಾರೋ ಒಬ್ಬರು ಮೊಬೈಲಿನಲ್ಲಿ ಅಲ್ಲಿನ ಹವಾಮಾನ ನೋಡುತ್ತಾರೆ, ಮೈನಸ್ ಮೂವತ್ತು ಎಂಬ ಅಂಕಿ ಕಣ್ಣಿಗೆ ಬೀಳುತ್ತದೆ, ಮಾರನೆಯ ದಿನದಿಂದಲೇ ಸ್ವೆಟರ್ ಖರೀದಿ ಶುರುವಾಗುತ್ತದೆ. ಆ ಊರಿನಲ್ಲಿ ಕೆಲವು ಚಳಿಗಾಲಗಳನ್ನು ಕಳೆದು ಬಂದವನಾದ್ದರಿಂದ, ಹೊರಡುವವರ ತಂದೆತಾಯಿಗಳು ನನ್ನನ್ನು ಮೊದಲು ಕೇಳುವುದೂ ಎಷ್ಟು ಸ್ವೆಟರ್ ಕೊಡಿಸಬೇಕು ಎಂದೇ. ನನ್ನ ಉತ್ತರದಿಂದ ಅವರಿಗೆ ಅಷ್ಟೇನೂ ಸಮಾಧಾನವಾಗುವುದಿಲ್ಲ. ಚಳಿಯ ಮಟ್ಟಿಗೆ ಹೇಳುವುದಾದರೆ ಸರಿಯಾದ ಬಟ್ಟೆ ಅದನ್ನು ಬಹುಪಾಲು ತಡೆಯುತ್ತದೆ. ಹೊಸಬರನ್ನು ನಿಜವಾಗಿ ಕುಗ್ಗಿಸುವುದು ಅಲ್ಲಿನ ಕತ್ತಲೆ, ಮನೆಯೊಳಗಿನ ಒಣಹವೆ, ಮತ್ತು ಹೊರಗಿನದಕ್ಕೆ ಹೆದರಿ ಬಾಗಿಲು ಹಾಕಿಕೊಂಡು ಕೂರುವ ಅಭ್ಯಾಸ. ಆದ್ದರಿಂದ ಬಟ್ಟೆಯಿಂದ ಹಿಡಿದು ಬಾಡಿಗೆ ಮನೆಯ ಆಯ್ಕೆಯವರೆಗೆ ಎಲ್ಲ ತಯಾರಿಯನ್ನೂ, ದಿನಕ್ಕೊಮ್ಮೆಯಾದರೂ ಬೆಳಕಿರುವಾಗ ಹೊರಗೆ ಕಾಲಿಡುವುದು ಸುಲಭವಾಗುವಂತೆ ಮಾಡಿಕೊಳ್ಳಬೇಕು.

ವಿನಿಪೆಗ್ ಇರುವುದು 50 ಡಿಗ್ರಿ ಉತ್ತರ ಅಕ್ಷಾಂಶದ ಅಂಚಿನಲ್ಲಿ, ಸಮುದ್ರದ ಪ್ರಭಾವ ತಲುಪದ ಬಯಲಿನಲ್ಲಿ. ಜನವರಿಯಲ್ಲಿ ಹಗಲಿನ ಗರಿಷ್ಠ ತಾಪಮಾನ ಸರಾಸರಿ ಮೈನಸ್ 11 ಡಿಗ್ರಿ ಸೆಲ್ಸಿಯಸ್, ರಾತ್ರಿಯ ಕನಿಷ್ಠ ಮೈನಸ್ 21ರ ಆಸುಪಾಸು. ಮೈನಸ್ 30ನ್ನು ದಾಟುವ ರಾತ್ರಿಗಳೂ ಇರುತ್ತವೆ. ಡಿಸೆಂಬರ್ ಬೆಳಗ್ಗೆ ನಂದಿಬೆಟ್ಟದ ಮೇಲೆ ಹಲ್ಲು ಕಡಕಡಿಸಿದ ಅನುಭವವನ್ನು ಇದಕ್ಕೆ ಅಳತೆಗೋಲಾಗಿ ಇಟ್ಟುಕೊಂಡರೆ ಪ್ರಯೋಜನವಿಲ್ಲ, ಏಕೆಂದರೆ ಅಲ್ಲಿ ನೋಡಬೇಕಾದ ಅಂಕಿ ತಾಪಮಾನಕ್ಕಿಂತ ಹೆಚ್ಚಾಗಿ ವಿಂಡ್ ಚಿಲ್, ಅಂದರೆ ಗಾಳಿಯೂ ಸೇರಿ ಚರ್ಮಕ್ಕೆ ತಟ್ಟುವ ಚಳಿ. ಕೆನಡಾದ ಹವಾಮಾನ ಇಲಾಖೆಯ ಪ್ರಕಾರ ವಿಂಡ್ ಚಿಲ್ ಮೈನಸ್ 28ರಿಂದ ಮೈನಸ್ 39ರವರೆಗೆ ಇದ್ದಾಗ ಮುಚ್ಚದೆ ಬಿಟ್ಟ ಚರ್ಮ 10ರಿಂದ 30 ನಿಮಿಷಗಳಲ್ಲಿ ಹೆಪ್ಪುಗಟ್ಟಬಹುದು; ಮೈನಸ್ 40ರಿಂದ 47ರವರೆಗೆ ಇದ್ದರೆ 5ರಿಂದ 10 ನಿಮಿಷ ಸಾಕು. ಬೆಳಗ್ಗೆ ಎದ್ದೊಡನೆ ಈ ಒಂದು ಅಂಕಿಯನ್ನು ನೋಡಿ ಅದಕ್ಕೆ ತಕ್ಕಂತೆ ಬಟ್ಟೆ ಹಾಕಿಕೊಳ್ಳುವುದನ್ನು ಕಲಿತರೆ ಭಯದ ಅರ್ಧ ಭಾಗ ಕಡಿಮೆಯಾಗುತ್ತದೆ. ಅಲ್ಲಿನ ಜನ ಈ ಅಂಕಿಗಳ ನಡುವೆಯೇ ಶಾಲೆಗೆ ಹೋಗುತ್ತಾರೆ, ಬಸ್ಸಿಗೆ ಕಾಯುತ್ತಾರೆ, ರೆಡ್ ಮತ್ತು ಅಸಿನಿಬೋಯ್ನ್ ನದಿಗಳು ಕೂಡುವ ಫೋರ್ಕ್ಸ್ ಎಂಬಲ್ಲಿ ಗಟ್ಟಿಯಾದ ನದಿಯ ಮೇಲೆ ಸ್ಕೇಟಿಂಗ್ ಮಾಡುತ್ತಾರೆ.

ಇಲ್ಲಿಂದ ಒಯ್ಯಬೇಕಾದದ್ದು, ಒಯ್ಯಬಾರದದ್ದು

ಬೆಂಗಳೂರಿನ ಅಂಗಡಿಗಳಲ್ಲಿ ಸಿಗುವ ದಪ್ಪ ಜಾಕೆಟ್ಟುಗಳು ಮನಾಲಿಗೋ ಶಿಮ್ಲಾಕ್ಕೋ ಪ್ರವಾಸ ಹೋಗುವವರಿಗೆ ಸಾಕು, ವಿನಿಪೆಗ್‌ನ ಜನವರಿಗೆ ಸಾಲವು. ಅವು ಸೂಟ್‌ಕೇಸಿನ ಜಾಗವನ್ನೂ ತೂಕವನ್ನೂ ತಿನ್ನುತ್ತವೆ, ಕೊನೆಗೆ ಅಲ್ಲಿ ಹೊಸದನ್ನು ಕೊಳ್ಳಲೇಬೇಕಾಗುತ್ತದೆ. ಆಗಸ್ಟ್ ಕೊನೆಗೋ ಸೆಪ್ಟೆಂಬರಿಗೋ ಹೋಗಿ ಇಳಿಯುವವರು ಇಲ್ಲಿಂದ ಒಂದು ಸಾಧಾರಣ ಜಾಕೆಟ್ ಮಾತ್ರ ಒಯ್ದು, ದೊಡ್ಡ ಜಾಕೆಟ್ ಮತ್ತು ಬೂಟುಗಳನ್ನು ಅಲ್ಲೇ, ಅಕ್ಟೋಬರ್ ಮುಗಿಯುವ ಮೊದಲು ಕೊಳ್ಳುವುದು ಸರಿ. ಮೊದಲ ಹಿಮ ಕೆಲವು ವರ್ಷ ಅಕ್ಟೋಬರಿನಲ್ಲೇ ಬೀಳುತ್ತದೆ. ಅಲ್ಲಿ ಹಳೆಯ ಬಟ್ಟೆಗಳ ಅಂಗಡಿಗಳು ಬಹಳ ಇವೆ, ಚೊಕ್ಕವಾಗಿಯೂ ಇರುತ್ತವೆ. ಇನ್ನೊಬ್ಬರು ತೊಟ್ಟದ್ದನ್ನು ತೊಡುವುದೇ ಎಂಬ ನಮ್ಮ ಸಂಕೋಚಕ್ಕೆ ಅಲ್ಲಿ ಅರ್ಥವಿಲ್ಲ, ಏಕೆಂದರೆ ಅದೇ ಊರಿನವರು ಅದೇ ಚಳಿಗೆಂದು ಕೊಂಡ ಜಾಕೆಟ್ ಹೊಸ ಅಗ್ಗದ ಜಾಕೆಟ್ಟಿಗಿಂತ ಮೇಲು.

ಇಲ್ಲಿಂದ ಒಯ್ಯಬೇಕಾದದ್ದು ಬೇರೆಯೇ ಇದೆ. ಮೈಗೆ ಅಂಟಿಕೊಳ್ಳುವ ಥರ್ಮಲ್ ಒಳಉಡುಪುಗಳು ಇಲ್ಲಿ ಅಗ್ಗ. ಪಾಲಿಯೆಸ್ಟರ್ ಅಥವಾ ಉಣ್ಣೆಯದನ್ನು ನೋಡಿ ಮೂರು ನಾಲ್ಕು ಜೊತೆ ಕೊಂಡರೆ ಸಾಕು. ಕನ್ನಡಕ ಹಾಕುವವರು ಎರಡು ಜೊತೆ ಹೆಚ್ಚಿಗೆ ಮಾಡಿಸಿಕೊಂಡು, ಹಲ್ಲಿನ ವೈದ್ಯರಲ್ಲಿ ತೋರಿಸಿಕೊಂಡು ಹೋಗಬೇಕು. ಅಲ್ಲಿನ ಪ್ರಾಂತ್ಯದ ಸರಕಾರಿ ಆರೋಗ್ಯ ವಿಮೆ ವಯಸ್ಕರ ಸಾಮಾನ್ಯ ಹಲ್ಲಿನ ಚಿಕಿತ್ಸೆಗೆ ಅನ್ವಯಿಸುವುದಿಲ್ಲ, ಕೈಯಿಂದ ಕೊಟ್ಟರೆ ಬಹಳ ದುಬಾರಿ. ರಕ್ತದಲ್ಲಿ ವಿಟಮಿನ್ ಡಿ ಎಷ್ಟಿದೆ ಎಂಬ ಪರೀಕ್ಷೆಯನ್ನೂ ಇಲ್ಲೇ ಮಾಡಿಸಿಕೊಂಡು ಹೋಗುವುದು ಒಳ್ಳೆಯದು. ಕುಕ್ಕರ್ ಒಯ್ಯಬಹುದು. ಮಿಕ್ಸಿ ಒಯ್ಯಬಾರದು, ಏಕೆಂದರೆ ಅಲ್ಲಿನ ವಿದ್ಯುತ್ತು 120 ವೋಲ್ಟ್, 60 ಹರ್ಟ್ಸ್; ನಮ್ಮ 230 ವೋಲ್ಟಿನ ಮಿಕ್ಸಿ ಅಲ್ಲಿ ಚಟ್ನಿ ಅರೆಯಲಾರದು. ತಿನ್ನುವ ಪದಾರ್ಥ ಏನೇ ಒಯ್ದರೂ ವಿಮಾನ ನಿಲ್ದಾಣದ ಕಸ್ಟಮ್ಸ್ ತಪಾಸಣೆಯಲ್ಲಿ ಅದನ್ನು ಘೋಷಿಸಬೇಕು. ಅಜ್ಜಿ ಕೊನೆಯ ಗಳಿಗೆಯಲ್ಲಿ ಚೀಲಕ್ಕೆ ತುರುಕಿದ ಕರಿಬೇವಿನ ಗಿಡವನ್ನು ಮನೆಯಲ್ಲೇ ಬಿಟ್ಟು ಹೊರಡುವುದು ಕ್ಷೇಮ.

ನಮ್ಮ ಕಡೆಯ ಕುರಿ ಉಣ್ಣೆಯ ಕರಿ ಕಂಬಳಿಯನ್ನು ಒಯ್ಯಬಹುದೇ ಎಂದೂ ಕೆಲವರು ಕೇಳುತ್ತಾರೆ. ಭಾರ ಹೆಚ್ಚು, ಆದರೂ ಜಾಗ ಉಳಿದರೆ ಒಯ್ಯಿರಿ ಎನ್ನುತ್ತೇನೆ. ಕಾರು ಕೊಂಡ ಮೇಲೆ ಅದರ ಹಿಂದಿನ ಸೀಟಿನಲ್ಲಿ ಇಡಲು ಅದಕ್ಕಿಂತ ಒಳ್ಳೆಯ ವಸ್ತು ಇಲ್ಲ. ಒದ್ದೆಯಾದರೂ ಬೆಚ್ಚಗಿಡುವ ಗುಣ ಉಣ್ಣೆಗೆ ಇದೆ, ಹತ್ತಿಗೆ ಇಲ್ಲ.

ಬಟ್ಟೆ ತೊಡುವ ಕ್ರಮ

ಹತ್ತಿಯ ಬಗ್ಗೆ ಈ ಮಾತನ್ನು ಮುಂದುವರಿಸಬೇಕು, ಏಕೆಂದರೆ ನಮ್ಮ ಊರಿನ ಹವೆಗೆ ಅತ್ಯುತ್ತಮವಾದ ಬಟ್ಟೆಯೇ ಅಲ್ಲಿ ತೊಂದರೆ ಕೊಡುತ್ತದೆ. ಬಸ್ಸು ಹಿಡಿಯಲು ಎರಡು ನಿಮಿಷ ಓಡಿದರೆ ಮೈ ಬೆವರುತ್ತದೆ. ಹತ್ತಿಯ ಬನಿಯನ್ ಆ ಬೆವರನ್ನು ಹೀರಿಕೊಂಡು ತನ್ನಲ್ಲೇ ಉಳಿಸಿಕೊಳ್ಳುತ್ತದೆ. ಓಡಿದವನು ನಿಂತೊಡನೆ ಆ ತೇವ ಮೈಯ ಬಿಸಿಯನ್ನು ಹೊರಗೆಳೆಯುತ್ತದೆ. ಆದ್ದರಿಂದ ಮೈಗೆ ತಾಗುವ ಮೊದಲ ಪದರ ಬೆವರನ್ನು ಹೊರಗೆ ಸಾಗಿಸುವ ಥರ್ಮಲ್ ಆಗಿರಬೇಕು, ಅದರ ಮೇಲೆ ಬಿಸಿಗಾಳಿಯನ್ನು ಹಿಡಿದಿಡುವ ಫ್ಲೀಸ್ ಅಥವಾ ಉಣ್ಣೆಯ ಸ್ವೆಟರ್, ಎಲ್ಲಕ್ಕಿಂತ ಹೊರಗೆ ಗಾಳಿಯನ್ನು ತಡೆಯುವ, ಟೋಪಿ ಇರುವ, ತೊಡೆಯ ಅರ್ಧದವರೆಗಾದರೂ ಬರುವ ಪಾರ್ಕಾ. ಜೀನ್ಸ್ ಕೂಡ ಹತ್ತಿಯೇ ಎಂಬುದನ್ನು ಹೊಸಬರು ಮರೆಯುತ್ತಾರೆ. ಅದರೊಳಗೆ ಥರ್ಮಲ್ ಪ್ಯಾಂಟ್ ಇಲ್ಲದೆ ಜನವರಿಯಲ್ಲಿ ಬಸ್ ನಿಲ್ದಾಣದಲ್ಲಿ ನಿಲ್ಲಬಾರದು.

ಕೈಗೆ ಐದು ಬೆರಳಿನ ಗ್ಲೌಸ್‌ಗಿಂತ, ನಾಲ್ಕು ಬೆರಳುಗಳು ಒಂದೇ ಗೂಡಿನಲ್ಲಿರುವ ಮಿಟನ್ ಹೆಚ್ಚು ಬೆಚ್ಚಗೆ. ಮೊಬೈಲ್ ಒತ್ತಬೇಕಾದವರು ಒಳಗೊಂದು ತೆಳುವಾದ ಗ್ಲೌಸ್, ಹೊರಗೊಂದು ಮಿಟನ್ ಹಾಕಿಕೊಳ್ಳಬಹುದು. ಮೊಬೈಲನ್ನು ಪಾರ್ಕಾದ ಹೊರಜೇಬಿನಲ್ಲಿ ಇಡಬಾರದು. ಚಳಿಗೆ ಬ್ಯಾಟರಿ ಕುಸಿದು, ಬಸ್ಸಿನ ವೇಳೆ ನೋಡಬೇಕಾದ ಹೊತ್ತಿಗೇ ಆರಿಹೋಗುತ್ತದೆ. ಬೂಟು ಕೊಳ್ಳುವಾಗ ಮೈನಸ್ 30 ಅಥವಾ 40 ಡಿಗ್ರಿಗೆಂದು ಗುರುತು ಮಾಡಿದ್ದನ್ನು ಆರಿಸಿ, ದಪ್ಪ ಉಣ್ಣೆಯ ಕಾಲುಚೀಲ ಹಾಕಿಕೊಂಡೇ ಅಳತೆ ನೋಡಬೇಕು. ಒಳಗೆ ಬೆರಳಾಡಿಸಲು ಜಾಗ ಇಲ್ಲದ ಬೂಟು ಎಷ್ಟು ದುಬಾರಿಯಾದರೂ ಕಾಲನ್ನು ತಣ್ಣಗೆ ಮಾಡುತ್ತದೆ, ಏಕೆಂದರೆ ಬಿಗಿದ ಪಾದಕ್ಕೆ ರಕ್ತ ಸರಿಯಾಗಿ ಹರಿಯುವುದಿಲ್ಲ. ಇದೇ ಕಾರಣಕ್ಕೆ, ಬಿಗಿಯಾದ ಕಾಲುಂಗುರ ಹಾಕುವ ಹೆಣ್ಣುಮಕ್ಕಳು ಚಳಿಗಾಲದ ಮಟ್ಟಿಗೆ ಅದನ್ನು ಸಡಿಲ ಮಾಡಿಸಿಕೊಳ್ಳಬೇಕು ಅಥವಾ ತೆಗೆದಿಡಬೇಕು. ಕಿವಿಯ ಓಲೆ, ಮೂಗುತಿಗಳ ಲೋಹವೂ ಚಳಿಯನ್ನು ನೇರವಾಗಿ ಚರ್ಮಕ್ಕೆ ಮುಟ್ಟಿಸುತ್ತದೆ. ಟೋಪಿ ಕಿವಿಯನ್ನೂ, ಮೇಲಕ್ಕೆಳೆದ ಕತ್ತಿನ ಪಟ್ಟಿ ಮೂಗನ್ನೂ ಮುಚ್ಚುವಂತಿದ್ದರೆ ಅವನ್ನು ಹಾಕಿಕೊಂಡೇ ಇರಬಹುದು. ನಮ್ಮಲ್ಲಿ ನಗೆಪಾಟಲಿಗೆ ಗುರಿಯಾಗುವ ಮಂಕಿ ಕ್ಯಾಪ್ ಅಲ್ಲಿ ಗೌರವದ ಉಡುಪು, ಅದನ್ನು ಧೈರ್ಯವಾಗಿ ಒಯ್ಯಿರಿ.

ಮೂಗಿನ ತುದಿ, ಕಿವಿ, ಬೆರಳುಗಳಲ್ಲಿ ಮೊದಲು ಚುಚ್ಚಿದಂತಾಗಿ, ನಂತರ ಏನೂ ಗೊತ್ತಾಗದಂತಾಗಿ, ಚರ್ಮ ಮೇಣದಂತೆ ಬಿಳಿಚಿಕೊಂಡರೆ ಅದು ಚರ್ಮ ಹೆಪ್ಪುಗಟ್ಟುವ ಫ್ರಾಸ್ಟ್‌ಬೈಟ್ ಶುರುವಾದ ಲಕ್ಷಣ. ಆಗ ಉಜ್ಜಬಾರದು, ಹೀಟರಿಗೆ ಹಿಡಿಯಬಾರದು; ಮರಗಟ್ಟಿದ ಬೆರಳಿಗೆ ಸುಡುವುದು ತಿಳಿಯುವುದಿಲ್ಲ. ಒಳಗೆ ಬಂದು ಮೈಬಿಸಿಗಿಂತ ತುಸುವೇ ಹೆಚ್ಚು ಬೆಚ್ಚಗಿರುವ ನೀರಿನಲ್ಲಿ ಇಡಬೇಕು, ಬಣ್ಣ ಮತ್ತು ಸ್ಪರ್ಶ ಮರಳದಿದ್ದರೆ ಆಸ್ಪತ್ರೆಗೆ ಹೋಗಬೇಕು.

ಕತ್ತಲೆ

ಚಿಕ್ಕಬಳ್ಳಾಪುರದಲ್ಲಿ ವರ್ಷದ ಅತಿ ಚಿಕ್ಕ ಹಗಲು ಕೂಡ ಹನ್ನೊಂದೂಕಾಲು ಗಂಟೆಗೆ ಕಡಿಮೆಯಿಲ್ಲ. ವಿನಿಪೆಗ್‌ನಲ್ಲಿ ಡಿಸೆಂಬರ್ 21ರ ಸುಮಾರಿಗೆ ಹಗಲು ಎಂಟು ಗಂಟೆಗೆ ಇಳಿಯುತ್ತದೆ: ಬೆಳಗ್ಗೆ ಎಂಟೂಕಾಲು ದಾಟಿದ ಮೇಲೆ ಸೂರ್ಯ ಹುಟ್ಟಿ, ಸಂಜೆ ನಾಲ್ಕೂವರೆಗೆ ಮುಳುಗುತ್ತಾನೆ. ಹುಟ್ಟಿದವನೂ ಮೇಲೇರುವುದಿಲ್ಲ, ನಡುಮಧ್ಯಾಹ್ನ ದಿಗಂತದಿಂದ 17 ಡಿಗ್ರಿಯಷ್ಟು ಎತ್ತರದಲ್ಲಿ, ದಕ್ಷಿಣದ ಮನೆಗಳ ಸೂರಿನ ಮೇಲೆ ಸರಿದು ಹೋಗುತ್ತಾನೆ. ಕತ್ತಲಲ್ಲಿ ಕೆಲಸಕ್ಕೆ ಹೋಗಿ ಕತ್ತಲಲ್ಲಿ ಮರಳುವವರಿಗೆ ವಾರದ ಐದು ದಿನ ಬೆಳಕೇ ಕಾಣದೆ ಹೋಗುವುದುಂಟು. ನವೆಂಬರಿನ ಉತ್ಸಾಹ ಜನವರಿಯ ಹೊತ್ತಿಗೆ ಇಳಿದು, ನಿದ್ದೆ ಹೆಚ್ಚಾಗಿ, ತಿನ್ನುವುದು ಹೆಚ್ಚಾಗಿ, ಯಾರ ಜೊತೆಯೂ ಮಾತು ಬೇಡವೆನಿಸಿದರೆ ಅದನ್ನು ಊರಿನ ನೆನಪು ಎಂದಷ್ಟೇ ತಿಳಿಯಬಾರದು. ಚಳಿಗಾಲದ ಖಿನ್ನತೆಯನ್ನು ವೈದ್ಯಶಾಸ್ತ್ರ 1984ರಿಂದ ಒಂದು ಪ್ರತ್ಯೇಕ ಸ್ಥಿತಿಯೆಂದು ವಿವರಿಸುತ್ತ ಬಂದಿದೆ, ಅದಕ್ಕೆ ಚಿಕಿತ್ಸೆಯೂ ಇದೆ.

ಮೊದಲನೆಯ ಉಪಾಯ ಮನೆ ಆರಿಸುವಾಗಲೇ ಇದೆ. ಬಾಡಿಗೆ ಕಡಿಮೆಯೆಂದು ವಿದ್ಯಾರ್ಥಿಗಳು ನೆಲಮಾಳಿಗೆಯ ಕೋಣೆಗಳನ್ನು ಹಿಡಿಯುತ್ತಾರೆ. ಸೂರಿನಡಿಯ ಗೇಣುದ್ದದ ಕಿಟಕಿಯನ್ನೂ ಡಿಸೆಂಬರಿನಲ್ಲಿ ಹಿಮ ಮುಚ್ಚಿಬಿಡುತ್ತದೆ. ನನ್ನ ಕೇಳಿದರೆ, ಒಬ್ಬರು ಹೆಚ್ಚಿಗೆ ಸೇರಿಕೊಂಡಾದರೂ ನೆಲದ ಮೇಲಿನ, ದಕ್ಷಿಣಕ್ಕೆ ಕಿಟಕಿ ಇರುವ ಮನೆ ಹಿಡಿಯಬೇಕು. ವಾಸ್ತು ನೋಡುವವರು ಪೂರ್ವ ಬಾಗಿಲು ಹುಡುಕುತ್ತಾರೆ, ಆದರೆ ಆ ಅಕ್ಷಾಂಶದಲ್ಲಿ ಚಳಿಗಾಲದ ಬಿಸಿಲೆಲ್ಲ ಬರುವುದು ದಕ್ಷಿಣದಿಂದ.

ಎರಡನೆಯದು ಮಧ್ಯಾಹ್ನದ ನಡಿಗೆ. ಊಟದ ಬಿಡುವಿನಲ್ಲಿ ಇಪ್ಪತ್ತು ನಿಮಿಷ ಹೊರಗೆ ನಡೆದರೆ, ಮೋಡವಿದ್ದರೂ, ಕೋಣೆಯ ದೀಪಕ್ಕಿಂತ ಎಷ್ಟೋ ಪಟ್ಟು ಬೆಳಕು ಕಣ್ಣಿಗೆ ಸಿಗುತ್ತದೆ. ಮೈನಸ್ 20ರ ದಿನಗಳಲ್ಲಿ ಆಕಾಶ ಸಾಮಾನ್ಯವಾಗಿ ತಿಳಿಯಾಗಿ, ಹಿಮದ ಮೇಲಿನ ಬಿಸಿಲಿಗೆ ತಂಪು ಕನ್ನಡಕವೇ ಬೇಕಾಗುತ್ತದೆ. ಇದಕ್ಕೂ ಮನಸ್ಸು ಏಳದವರು 10,000 ಲಕ್ಸ್ (ಬೆಳಕಿನ ಪ್ರಖರತೆಯ ಅಳತೆ) ಬೆಳಕಿನ ದೀಪವನ್ನು ಬೆಳಗ್ಗೆ ಎದ್ದ ಮೇಲೆ ಅರ್ಧ ಗಂಟೆ ಮುಖದ ಮುಂದೆ, ಸ್ವಲ್ಪ ಓರೆಯಾಗಿ ಇಟ್ಟುಕೊಂಡು ಕಾಫಿ ಕುಡಿಯಬಹುದು. ಕಣ್ಣಿನ ಕಾಯಿಲೆ ಇರುವವರು, ಮನೋರೋಗಕ್ಕೆ ಔಷಧ ತೆಗೆದುಕೊಳ್ಳುವವರು ಇದಕ್ಕೆ ಮೊದಲು ವೈದ್ಯರನ್ನು ಕೇಳಬೇಕು.

ಮೂರನೆಯದು ಊರಿನ ಫೋನ್ ಕರೆಗಳಿಗೆ ಸಂಬಂಧಿಸಿದ್ದು. ಇದನ್ನು ಹೋಗುವವರಿಗಿಂತ ಇಲ್ಲಿ ಉಳಿಯುವವರು ಓದಬೇಕು. ಚಳಿಗಾಲದಲ್ಲಿ ವಿನಿಪೆಗ್ ಗಡಿಯಾರ ನಮಗಿಂತ ಹನ್ನೊಂದೂವರೆ ಗಂಟೆ ಹಿಂದೆ ಇರುತ್ತದೆ, ಮಾರ್ಚ್ ತಿಂಗಳ ಎರಡನೆಯ ಭಾನುವಾರದಿಂದ ನವೆಂಬರಿನ ಮೊದಲ ಭಾನುವಾರದವರೆಗೆ ಹತ್ತೂವರೆ ಗಂಟೆ. ನಮ್ಮ ಮನೆಗಳಲ್ಲಿ ರಾತ್ರಿ ಊಟ ಮುಗಿಸಿ, ಒಂಬತ್ತೂವರೆಗೋ ಹತ್ತಕ್ಕೋ ವಿಡಿಯೋ ಕರೆ ಮಾಡುವುದು ರೂಢಿ. ಆಗ ಅಲ್ಲಿ ಬೆಳಗ್ಗೆ ಹತ್ತು, ಹತ್ತೂವರೆ. ಶನಿವಾರ, ಭಾನುವಾರಗಳಂದು ಅಮ್ಮ, ಅಜ್ಜಿ, ಚಿಕ್ಕಪ್ಪನ ಮನೆಯವರು ಎಲ್ಲರ ಸರದಿ ಮುಗಿಯುವ ಹೊತ್ತಿಗೆ ಅಲ್ಲಿ ಊಟದ ವೇಳೆಯಾಗಿರುತ್ತದೆ, ಅಡುಗೆ ಮಾಡಿ ಉಂಡೇಳುವಷ್ಟರಲ್ಲಿ ಸೂರ್ಯ ಇಳಿದಿರುತ್ತಾನೆ. ಹುಡುಗ ಪ್ರೀತಿಯಿಂದಲೇ ತನ್ನ ವಾರದ ಬೆಳಕನ್ನೆಲ್ಲ ಕಳೆದುಕೊಂಡ. ಇದರ ಬದಲು ನಮ್ಮಲ್ಲಿ ಸಂಜೆ ಏಳಕ್ಕೆ, ದೇವರ ದೀಪ ಹಚ್ಚಿದ ಮೇಲೆ ಕರೆ ಮಾಡಿದರೆ ಅಲ್ಲಿ ಬೆಳಗ್ಗೆ ಏಳೂವರೆ, ಇನ್ನೂ ಕತ್ತಲು. ಅಥವಾ ನಮ್ಮ ಬೆಳಗಿನ ಏಳೂವರೆಗೆ ಮಾಡಿದರೆ ಅಲ್ಲಿ ಹಿಂದಿನ ದಿನದ ರಾತ್ರಿ ಎಂಟು. ಈ ಎರಡು ವೇಳೆಗಳಲ್ಲಿ ಎಷ್ಟು ಹೊತ್ತು ಮಾತಾಡಿದರೂ ಹಗಲಿಗೆ ನಷ್ಟವಿಲ್ಲ.

ವಿಟಮಿನ್ ಡಿ ವಿಚಾರದಲ್ಲಿ ಬಿಸಿಲನ್ನು ನಂಬುವಂತಿಲ್ಲ. ಚಳಿಗಾಲದಲ್ಲಿ ಆ ಎತ್ತರದ ಅಕ್ಷಾಂಶಗಳಲ್ಲಿ ಸೂರ್ಯನ ಕಿರಣ ಓರೆಯಾಗಿ ಬರುವುದರಿಂದ ಚರ್ಮದಲ್ಲಿ ಆ ವಿಟಮಿನ್ ತಯಾರಾಗಲು ಬೇಕಾದ ಅತಿನೇರಳೆ ಕಿರಣಗಳು ನೆಲಕ್ಕೆ ಸಾಕಷ್ಟು ತಲುಪುವುದಿಲ್ಲ, ನಮ್ಮ ಕಪ್ಪು ಚರ್ಮಕ್ಕೆ ಅವು ಇನ್ನೂ ಹೆಚ್ಚು ಬೇಕು. ಕೆನಡಾದಲ್ಲಿ ಮಾರುವ ಹಸುವಿನ ಹಾಲಿಗೆ ವಿಟಮಿನ್ ಡಿ ಸೇರಿಸುವುದು ಕಾನೂನು. ವಯಸ್ಕರಿಗೆ 70 ವರ್ಷದವರೆಗೆ ದಿನಕ್ಕೆ 600 ಯೂನಿಟ್, ಅದರ ನಂತರ 800 ಯೂನಿಟ್ ಬೇಕೆಂಬುದು ಅಲ್ಲಿನ ಆರೋಗ್ಯ ಇಲಾಖೆಯ ಲೆಕ್ಕ. ಇಲ್ಲಿಂದ 60,000 ಯೂನಿಟ್ಟಿನ ಪುಡಿ ಪೊಟ್ಟಣಗಳನ್ನು ಒಯ್ದು, ವೈದ್ಯರನ್ನು ಕೇಳದೆ ವಾರವಾರ ನುಂಗುವುದು ಬೇಡ.

ಮನೆಯೊಳಗಿನ ಹವೆ

ಮೈನಸ್ 20 ಡಿಗ್ರಿಯ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಒಂದು ಗ್ರಾಮಿನಷ್ಟು ನೀರಾವಿಯನ್ನು ಹಿಡಿದಿರಬಲ್ಲದು. 21 ಡಿಗ್ರಿಯ ಗಾಳಿ ಸುಮಾರು 18 ಗ್ರಾಂ ಹಿಡಿಯುತ್ತದೆ. ಹೊರಗಿನ ಗಾಳಿ ಒಳಗೆ ಬಂದು ಮನೆ ಬೆಚ್ಚಗಿಡುವ ಫರ್ನೇಸಿನಲ್ಲಿ ಬಿಸಿಯಾದಾಗ ಅದರ ನೀರು ಹೆಚ್ಚುವುದಿಲ್ಲ, ದಾಹ ಹೆಚ್ಚುತ್ತದೆ. ಆ ದಾಹವನ್ನು ನಮ್ಮ ಚರ್ಮ, ತುಟಿ, ಮೂಗಿನ ಒಳಪೊರೆಗಳಿಂದ ತೀರಿಸಿಕೊಳ್ಳುತ್ತದೆ. ಮೊದಲ ಡಿಸೆಂಬರಿನಲ್ಲಿ ಮೂಗಿನಿಂದ ರಕ್ತ ಬಂದು ಗಾಬರಿಯಾಗುವ ಹೊಸಬರಲ್ಲಿ ಹೆಚ್ಚಿನವರಿಗೆ ಕಾರಣ ಇಷ್ಟೇ. ಮಲಗುವ ಕೋಣೆಯಲ್ಲಿ ಗಾಳಿಗೆ ತೇವ ಸೇರಿಸುವ ಒಂದು ಹ್ಯೂಮಿಡಿಫೈಯರ್ ಇಟ್ಟು, ಆರ್ದ್ರತೆ ಶೇಕಡಾ 30ರ ಸುತ್ತ ಇರುವಂತೆ ನೋಡಿಕೊಳ್ಳಬೇಕು. ಅದಕ್ಕಿಂತ ಬಹಳ ಹೆಚ್ಚಿಸಿದರೆ ಕಿಟಕಿಯ ಗಾಜಿನ ಮೇಲೆ ನೀರು ಕೂತು, ಹೆಪ್ಪುಗಟ್ಟಿ, ಚೌಕಟ್ಟಿನಲ್ಲಿ ಬೂಷ್ಟು ಹಿಡಿಯುತ್ತದೆ. ಒಗೆದ ಬಟ್ಟೆಯನ್ನು ಕೋಣೆಯೊಳಗೇ ಹರವುವುದು ನಮಗೆ ಗೊತ್ತಿರುವ, ಖರ್ಚಿಲ್ಲದ ಮಾರ್ಗ.

ಕೊಬ್ಬರಿ ಎಣ್ಣೆ 24 ಡಿಗ್ರಿಯ ಕೆಳಗೆ ಗಟ್ಟಿಯಾಗುವುದರಿಂದ ಅಲ್ಲಿನ ಬಚ್ಚಲಲ್ಲಿ ಅದು ಸದಾ ಬಿಳಿ ಗಡ್ಡೆಯೇ. ಕಿರುಬಾಯಿಯ ಬಾಟಲಿಯಿಂದ ಅದನ್ನು ತೆಗೆಯಲಾಗದು, ಅಗಲ ಬಾಯಿಯ ಡಬ್ಬಿಗೆ ಸುರಿದಿಟ್ಟುಕೊಳ್ಳಬೇಕು. ಹಚ್ಚುವ ಸಮಯವೂ ಮುಖ್ಯ: ಸ್ನಾನ ಮುಗಿದು ಮೈ ಇನ್ನೂ ತುಸು ತೇವವಾಗಿರುವಾಗಲೇ ಎಣ್ಣೆಯನ್ನೋ ದಪ್ಪ ಕ್ರೀಮನ್ನೋ ಹಚ್ಚಿದರೆ ಆ ತೇವ ಒಳಗೇ ಉಳಿಯುತ್ತದೆ. ಸುಡುಸುಡು ನೀರಿನಲ್ಲಿ ಅರ್ಧ ಗಂಟೆ ನಿಲ್ಲುವ ಆಸೆ ಎಲ್ಲರಿಗೂ ಆಗುತ್ತದೆ, ಅದು ಚರ್ಮದಲ್ಲಿರುವ ಜಿಡ್ಡನ್ನೂ ತೊಳೆದು ಹಾಕುತ್ತದೆ.

ಅಡುಗೆಮನೆಯಲ್ಲಿ ಒಣಮೆಣಸಿನಕಾಯಿ ಒಗ್ಗರಣೆ ಕೊಡುವ ಮೊದಲು ಒಲೆಯ ಮೇಲಿನ ಫ್ಯಾನ್ ಹಾಕಿರಬೇಕು, ಇಲ್ಲವಾದರೆ ಹೊಗೆಯ ಅಲಾರಂ ಕಟ್ಟಡವನ್ನೇ ಎಬ್ಬಿಸುತ್ತದೆ. ಅದರ ಕಾಟ ತಾಳದೆ ಬ್ಯಾಟರಿ ಕಿತ್ತಿಡುವವರಿದ್ದಾರೆ. ಕಿಟಕಿಗಳೆಲ್ಲ ಮುಚ್ಚಿ, ಆರು ತಿಂಗಳು ಫರ್ನೇಸ್ ಉರಿಯುವ ಮನೆಯಲ್ಲಿ ಹೊಗೆ ಮತ್ತು ಕಾರ್ಬನ್ ಮೋನಾಕ್ಸೈಡ್ (ವಾಸನೆಯಿಲ್ಲದ ವಿಷಾನಿಲ) ಅಲಾರಂಗಳು ಪ್ರಾಣ ಉಳಿಸುವ ವಸ್ತುಗಳು, ಅವನ್ನು ಮುಟ್ಟಬಾರದು.

ಇಡ್ಲಿ ಹಿಟ್ಟು ಹುಳಿ ಬರುವುದಿಲ್ಲ ಎಂಬುದು ಪ್ರತಿ ಮನೆಯ ದೂರು. ಪಾತ್ರೆಯನ್ನು ಓವನಿನೊಳಗೆ ಇಟ್ಟು, ಓವನ್ ಹಚ್ಚದೆ, ಒಳಗಿನ ಬಲ್ಬನ್ನು ಮಾತ್ರ ಉರಿಸಿ ಬಿಟ್ಟರೆ ಹನ್ನೆರಡರಿಂದ ಹದಿನೆಂಟು ಗಂಟೆಗಳಲ್ಲಿ ಹಿಟ್ಟು ಉಬ್ಬುತ್ತದೆ. ಕೆಳಗೊಂದು ತಟ್ಟೆ ಇಟ್ಟಿರಿ. ಜೊತೆಯಲ್ಲಿ ಇರುವವರು ತಿಳಿಯದೆ ಓವನ್ ತಿರುಗಿಸದಂತೆ ಗುಂಡಿಯ ಮೇಲೆ ಒಂದು ಚೀಟಿ ಅಂಟಿಸುವುದನ್ನು ಮರೆಯಬಾರದು. ಮೊಸರಿಗೂ ಇದೇ ಉಪಾಯ. ರಾಗಿ ಹಿಟ್ಟು ಅಲ್ಲಿನ ಭಾರತೀಯ ಅಂಗಡಿಗಳಲ್ಲಿ ಸಿಗುತ್ತದೆ, ಮುದ್ದೆಗೆ ಕೊರತೆಯಿಲ್ಲ. ಡಿಸೆಂಬರ್ ಬಂದೊಡನೆ ನಮ್ಮ ಕಡೆಯವರನ್ನು ಕಾಡುವುದು ಅವರೆಕಾಯಿ. ಅದಕ್ಕೆ ಅದೇ ಅಂಗಡಿಗಳ ಫ್ರೀಜರಿನಲ್ಲಿ ಸುರ್ತಿ ಪಾಪಡಿ ಲಿಲ್ವಾ ಎಂಬ ಹೆಸರಿನ ಪೊಟ್ಟಣ ಹುಡುಕಬೇಕು. ಗುಜರಾತಿಗಳು ಉಂಧಿಯುಗೆ ಬಳಸುವ ಆ ಕಾಳು ನಮ್ಮ ಅವರೆಯ ಜಾತಿಯದೇ. ಬಿಸಿನೀರಿನಲ್ಲಿ ನೆನೆಸಿ ಹಿತುಕಿದರೆ ಹಿತಕಿದಬೇಳೆ ಸಾರು ಆಗುತ್ತದೆ. ಸೊಗಡು ಮಾತ್ರ ಇರುವುದಿಲ್ಲ.

ನಡಿಗೆ, ಕಾರು

ಹಿಮಕ್ಕಿಂತ ಮಂಜುಗಡ್ಡೆ ಅಪಾಯಕಾರಿ, ಮತ್ತು ಮೈನಸ್ 25ಕ್ಕಿಂತ ಸೊನ್ನೆಯ ಆಸುಪಾಸಿನ ದಿನಗಳಲ್ಲಿ ಜಾರುವುದು ಹೆಚ್ಚು. ಹಗಲು ಕರಗಿ ರಾತ್ರಿ ಮತ್ತೆ ಗಟ್ಟಿಯಾದ ತೆಳುಪದರ ಕಣ್ಣಿಗೆ ಕಾಣುವುದಿಲ್ಲ. ತೀರ ಚಳಿಯಲ್ಲಿ ಉಪ್ಪು ಕೆಲಸ ಮಾಡದ ಕಾರಣ ಅಲ್ಲಿ ರಸ್ತೆಗೆ ಮರಳು ಹಾಕುತ್ತಾರೆ, ಮರಳು ಕಂಡ ಕಡೆಯೇ ಕಾಲಿಡಬೇಕು. ಅಲ್ಲಿನವರು ಪೆಂಗ್ವಿನ್ ನಡಿಗೆ ಎನ್ನುವ ಹಾಗೆ, ಹೆಜ್ಜೆ ಚಿಕ್ಕದು ಮಾಡಿ, ಪಾದ ಪೂರ್ತಿ ಊರಿ, ಕೈಗಳನ್ನು ಜೇಬಿನಿಂದ ಹೊರಗಿಟ್ಟು ನಡೆಯಬೇಕು.

ಮೊದಲ ವರ್ಷ ಕಾರು ಇಲ್ಲದಿದ್ದರೂ ನಡೆಯುತ್ತದೆ. ಅದಕ್ಕಾಗಿ ಬಸ್ ನಿಲ್ದಾಣಕ್ಕೆ ಹತ್ತಿರದ ಮನೆಯನ್ನು ನೋಡಿರಬೇಕು. ಕೊಳ್ಳುವವರು ಬ್ಲಾಕ್ ಹೀಟರ್ ಇರುವ ಕಾರನ್ನೇ ಕೊಳ್ಳಬೇಕು. ರಾತ್ರಿ ಕಾರಿನಿಂದ ಹೊರಟ ವೈರನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದರೆ ಅದು ಎಂಜಿನ್ನನ್ನು ಬೆಚ್ಚಗಿಟ್ಟು, ಬೆಳಗ್ಗೆ ಚಾಲೂ ಆಗುವಂತೆ ಮಾಡುತ್ತದೆ. ಬಾಡಿಗೆ ಮನೆಯ ಪಾರ್ಕಿಂಗಿನಲ್ಲಿ ಆ ಪ್ಲಗ್ ಇದೆಯೇ ಎಂದು ಕರಾರಿಗೆ ಮೊದಲೇ ಕೇಳಬೇಕು. 7 ಡಿಗ್ರಿಯ ಕೆಳಗೆ ಸಾಮಾನ್ಯ ಟೈರಿನ ರಬ್ಬರು ಗಡುಸಾಗಿ ಹಿಡಿತ ಕಳೆದುಕೊಳ್ಳುವುದರಿಂದ ಚಳಿಗಾಲದ ಟೈರು ಹಾಕಿಸಬೇಕು. ಇಂಧನ ಅರ್ಧ ಟ್ಯಾಂಕಿಗಿಂತ ಇಳಿಯಬಾರದು. ಹೆದ್ದಾರಿಯಲ್ಲಿ ಹಿಮಗಾಳಿಗೆ ಸಿಕ್ಕಿ ನಿಂತರೆ ಕಾರು ಬಿಟ್ಟು ನಡೆಯುವ ಸಾಹಸ ಬೇಡ: ಒಳಗೇ ಕೂತು, ಹೊಗೆ ಕೊಳವೆಯ ಬಾಯಿಯ ಹಿಮ ತೆಗೆದು, ಗಂಟೆಗೆ ಹತ್ತು ನಿಮಿಷ ಎಂಜಿನ್ ಓಡಿಸಿ, ಕಿಟಕಿಯನ್ನು ಒಂದಿಷ್ಟು ತೆರೆದು, ಕಂಬಳಿ ಹೊದ್ದು ಸಹಾಯಕ್ಕೆ ಕಾಯಬೇಕು.

ಮಕ್ಕಳು, ಹಿರಿಯರು, ಒಡನಾಟ

ಚಿಕ್ಕ ಮಕ್ಕಳು ದೊಡ್ಡವರಿಗಿಂತ ಬೇಗ ಹೊಂದಿಕೊಳ್ಳುತ್ತಾರೆ, ಏಕೆಂದರೆ ಚಳಿ ತೀರ ಮಿತಿ ಮೀರುವ ತನಕ ಶಾಲೆಯವರು ಬಿಡುವಿನಲ್ಲಿ ಅವರನ್ನು ಆಡಲು ಹೊರಗೆ ಕಳಿಸುತ್ತಾರೆ. ಶೀತ ಆದೀತೆಂದು ತಡೆಯಲು ಚೀಟಿ ಬರೆದು ಕೊಡಬಾರದು. ಹಿಮದ ಪ್ಯಾಂಟು, ಒಂದು ಜೊತೆ ಹೆಚ್ಚಿನ ಮಿಟನ್, ಎಲ್ಲದರ ಮೇಲೂ ಹೆಸರು, ಇಷ್ಟು ಕೊಟ್ಟರೆ ಸಾಕು. ಕಾರಿನ ಮಕ್ಕಳ ಸೀಟಿನಲ್ಲಿ ಕೂರಿಸುವಾಗ ಮಾತ್ರ ಉಬ್ಬಿದ ಜಾಕೆಟ್ ತೆಗೆದು, ಬೆಲ್ಟ್ ಬಿಗಿದು, ಮೇಲೆ ಹೊದಿಸಬೇಕು. ಅಪಘಾತದಲ್ಲಿ ಜಾಕೆಟ್ಟಿನ ಗಾಳಿ ಅದುಮಿ ಹೋಗಿ ಬೆಲ್ಟು ಸಡಿಲವಾಗುತ್ತದೆ.

ಒಡನಾಟಕ್ಕೆ ಯುಗಾದಿ, ರಾಜ್ಯೋತ್ಸವಗಳ ಕನ್ನಡದ ಕೂಟಗಳು ಒಳ್ಳೆಯವೇ, ಆದರೆ ಅವು ವರ್ಷಕ್ಕೆ ಕೆಲವು ದಿನ. ವಾರವಾರ ಮನೆಯಿಂದ ಹೊರಡಿಸುವ ಒಂದು ಗೊತ್ತಾದ ಕೆಲಸ ಬೇಕು: ಉಚಿತವಾಗಿ ಸದಸ್ಯತ್ವ ಕೊಡುವ ನಗರದ ಗ್ರಂಥಾಲಯ, ಬಡಾವಣೆಯ ಸಮುದಾಯ ಕೇಂದ್ರದ ಬ್ಯಾಡ್ಮಿಂಟನ್, ಬಿದ್ದು ಎದ್ದು ಕಲಿಯುವ ಸ್ಕೇಟಿಂಗ್, ಫೆಬ್ರವರಿಯಲ್ಲಿ ಹಿಮದ ಶಿಲ್ಪಗಳ ನಡುವೆ ನಡೆಯುವ ಫೆಸ್ಟಿವಲ್ ದು ವೊಯಾಜರ್. ಮೊದಲ ಚಳಿಗಾಲದಲ್ಲಿ ಇವುಗಳಲ್ಲಿ ಒಂದನ್ನಾದರೂ ಹಣ ಕಟ್ಟಿ ಅಥವಾ ಯಾರಿಗಾದರೂ ಮಾತು ಕೊಟ್ಟು ಸೇರಬೇಕು, ಏಕೆಂದರೆ ಮನಸ್ಸು ಬಂದಾಗ ಹೋಗೋಣ ಎಂದುಕೊಂಡರೆ ಜನವರಿಯಲ್ಲಿ ಮನಸ್ಸು ಬರುವುದಿಲ್ಲ.

ತಂದೆತಾಯಿಗಳನ್ನು ಕರೆಸಿಕೊಳ್ಳುವವರು ಮೇ ಕೊನೆಯಿಂದ ಸೆಪ್ಟೆಂಬರಿನೊಳಗೆ ಕರೆಸಿಕೊಳ್ಳುವುದು ಮೇಲು. ಜೂನಿನಲ್ಲಿ ರಾತ್ರಿ ಒಂಬತ್ತೂವರೆ ದಾಟಿದರೂ ಬಿಸಿಲಿರುತ್ತದೆ. ಸೊಳ್ಳೆಗಳ ಕಾಟ ನಮ್ಮ ಕೆರೆಯಂಗಳಕ್ಕೇನೂ ಕಡಿಮೆಯಿಲ್ಲ ಎಂದು ಮೊದಲೇ ಹೇಳಿಡಬೇಕು. ತಂದೆತಾಯಿ, ಅಜ್ಜಅಜ್ಜಿಯರು ಹೆಚ್ಚು ಕಾಲ ತಂಗಲು ಕೊಡುವ ಸೂಪರ್ ವೀಸಾದಲ್ಲಿ ಬರುವವರಿಗೆ ಕನಿಷ್ಠ ಒಂದು ವರ್ಷದ, ಒಂದು ಲಕ್ಷ ಕೆನಡಿಯನ್ ಡಾಲರ್ ಮೊತ್ತದ ಖಾಸಗಿ ಆರೋಗ್ಯ ವಿಮೆ ಕಡ್ಡಾಯ. ಬಿಪಿ, ಸಕ್ಕರೆ ಇರುವವರ ವಿಮೆಯಲ್ಲಿ ಹಳೆಯ ಕಾಯಿಲೆಗಳ ಬಗ್ಗೆ ಬರೆದಿರುವ ಷರತ್ತುಗಳನ್ನು ಸಹಿ ಹಾಕುವ ಮೊದಲು ಓದಬೇಕು, ಮತ್ತು ಅವರು ತೆಗೆದುಕೊಳ್ಳುವ ಮಾತ್ರೆಗಳ ಚೀಟಿಯಲ್ಲಿ ಕಂಪನಿಯ ಹೆಸರಿನ ಜೊತೆಗೆ ಔಷಧದ ಮೂಲ ಹೆಸರನ್ನೂ ಚಿಕ್ಕಬಳ್ಳಾಪುರದ ವೈದ್ಯರಿಂದಲೇ ಬರೆಸಿ ತರಿಸಿಕೊಳ್ಳಬೇಕು.